ಉದ್ರಿ ಪುಸ್ತಕ ನೋಡಿ ಟಿಬಿ ಕೋರ್ಸ್ ಮುಗಿಸಿದ್ದು

ಟಿಬಿ ರೋಗಿಗಳನ್ನು ಹುಡುಕಿ ಮಾತ್ರೆ ಮುಗಿಸೋವರೆಗೂ ಬೆನ್ನು ಹತ್ತೋದು ನನ್ನ ಕೆಲಸ. ಸರ್ಜಾಪುರ ರಸ್ತೆ ಕಡೆಯ ಲೇಬರ್ ಶೆಡ್‌ಗಳು ನನ್ನ ಪಾಲಿಗೆ ಬಂದಾಗ ಜೊತೆಯವರೆಲ್ಲ ಒಂದೇ ಮಾತು ಹೇಳಿದ್ದರು. "ಅಲ್ಲಿ ಕೇಸ್ ಹುಡುಕೋಕೆ ಹೋಗಬೇಡ ಮಾರಾಯ, ಸಿಕ್ಕಿದರೆ ನಿನ್ನ ತಲೆ ಮೇಲೇ ಕೂರುತ್ತೆ." ಮೊದಲ ವರ್ಷ ಹಾಗೇ ಆಯಿತು. ಬಿಹಾರ, ಒಡಿಶಾದ ಹುಡುಗರು, ನಮ್ಮ ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರು, ಎಲ್ಲ ಸೇರಿ 30 ಜನಕ್ಕೆ ಮಾತ್ರೆ ಶುರು ಮಾಡಿಸಿದ್ದೆ. ಆರು ತಿಂಗಳು ಮುಗಿಸಿದವರು 14 ಇರಬೇಕು, ಅಥವಾ 15. ಉಳಿದವರು ಜ್ವರ ಬಿಟ್ಟು ಹೊಟ್ಟೆ ಹಸಿಯೋಕೆ ಶುರುವಾದ ಕೂಡಲೇ ಮಾಯ. ಫೋನ್ ಸ್ವಿಚ್ ಆಫ್. ಕಳೆದ ವರ್ಷ 42ರಲ್ಲಿ 37 ಜನ ಮುಗಿಸಿದರು. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ, ಅದಕ್ಕೇ ಬರೀತಿದ್ದೇನೆ.

ಮೊದಲು ನಾನು ನಂಬಿದ್ದು ಮೇಸ್ತ್ರಿಗಳನ್ನು. ಗ್ಯಾಂಗ್ ಅವನ ಕೈಯಲ್ಲಿರುತ್ತೆ, ಹೇಳಿದರೆ ಕೇಳ್ತಾರೆ ಅಂತ. ಒಬ್ಬ ಮೇಸ್ತ್ರಿಗೆ ಅವನ ಗ್ಯಾಂಗಿನ ಹುಡುಗನ ಟಿಬಿ ವಿಷಯ ಹೇಳಿದೆ. ಹುಡುಗನನ್ನು ಒಂದು ಮಾತೂ ಕೇಳದೆ ಹೇಳಿದೆ, ಅದು ನನ್ನದೇ ತಪ್ಪು. ಮೇಸ್ತ್ರಿ "ಆಯ್ತು ಸಾರ್, ನಾನು ನೋಡ್ಕೋತೀನಿ" ಅಂದ. ಮರುದಿನ ಬೆಳಿಗ್ಗೆ ಹುಡುಗನನ್ನು ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್‌ಗೆ ಹತ್ತಿಸಿ ಕೈ ತೊಳೆದುಕೊಂಡ. ಮಾತ್ರೆ ಸ್ಟ್ರಿಪ್ಪು ತಗಡಿನ ಸಂದಿಯಲ್ಲೇ ಇತ್ತು, ನಾಲ್ಕು ದಿನದ್ದು ಮಾತ್ರ ಖಾಲಿ. ಅವನು ಇವತ್ತಿಗೂ ನನಗೆ ಸಿಕ್ಕಿಲ್ಲ.

ದಾರಿ ಸಿಕ್ಕಿದ್ದು ಶೆಡ್ ಪಕ್ಕದ ಗೂಡಂಗಡಿಯಲ್ಲಿ. ಅಂಗಡಿಯಕ್ಕ ಸುರಪುರದ ಕಡೆಯವಳು, ಅವಳೂ ಗುಳೆ ಬಂದವಳೇ. ಬೀಡಿ, ಮೊಟ್ಟೆ, ರೀಚಾರ್ಜು ಎಲ್ಲ ಉದ್ರಿ, ಭಾನುವಾರ ಬಟವಾಡೆ ಆದ ಮೇಲೆ ವಸೂಲಿ. ಒಂದಿನ ಚಹಾ ಕುಡೀತಾ ನಮ್ಮ ಗೋಳು ಹೇಳಿಕೊಂಡರೆ ಅವಳು ನಕ್ಕಳು. "ಊರಿಗೆ ಹೋಗಾವ್ರು ನನಗ ಹೇಳದ ಹ್ಯಾಂಗ ಹೋಗ್ತಾರ್ರೀ ಸರ? ಲೆಕ್ಕ ಚುಕ್ತಾ ಮಾಡೇ ಹೋಗಬೇಕಲ್ಲ." ನಾನು ಗ್ಲಾಸು ಕೆಳಗಿಟ್ಟೆ. ನಮಗೆ ಬೇಕಾಗಿದ್ದ ಸುದ್ದಿ ಅವಳ ರೂಲ್ ಪುಸ್ತಕದಲ್ಲಿತ್ತು, ಅದೂ ಒಂದೆರಡು ದಿನ ಮುಂಚೆ!

ಆಮೇಲೆ ಮಾಡಿದ್ದಿಷ್ಟೇ. ರೋಗಿ ಒಪ್ಪಿದರೆ ಮಾತ್ರ ಅಕ್ಕನನ್ನು ಟ್ರೀಟ್‌ಮೆಂಟ್ ಸಪೋರ್ಟರ್, ಅಂದರೆ ಕೋರ್ಸ್ ಮುಗಿಸೋಕೆ ಜೊತೆ ನಿಲ್ಲುವವಳು, ಮಾಡೋದು, ಒಪ್ಪದಿದ್ದರೆ ಹೆಸರೂ ಹೇಳಲ್ಲ. ಯಾರಾದರೂ ಚುಕ್ತಾ ಮಾಡಿದರೆ ನನಗೊಂದು ಮಿಸ್ಡ್ ಕಾಲ್. ಅವತ್ತೇ ಸಂಜೆ ಒಂದು ತಿಂಗಳ ಮಾತ್ರೆ ಕಟ್ಟಿಕೊಟ್ಟು, ಚಿಕಿತ್ಸೆ ಕಾರ್ಡಿನ ಫೋಟೋ ಅವನ ಮೊಬೈಲಿಗೆ ಹಾಕಿ, ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಅವನ ಕೇಸು ಊರಿಗೆ ಟ್ರಾನ್ಸ್‌ಫರ್. ಟ್ರಾನ್ಸ್‌ಫರ್ ಬಟನ್ ಒತ್ತಿ ಸುಮ್ನೆ ಕೂತರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ವಾ, ಆ ಕಡೆ ಯಾರೂ ಎತ್ತಿಕೊಳ್ಳಲ್ಲ. ಅಲ್ಲಿನ ಎಸ್‌ಟಿಎಸ್‌ಗೋ (ಟಿಬಿ ಚಿಕಿತ್ಸೆಯ ಮೇಲ್ವಿಚಾರಕ) ಆಶಾಗೋ ಮೊದಲು ಫೋನು, ಆಮೇಲೆ ಬಟನ್ನು. ಬಿಹಾರದ ಬ್ಲಾಕ್‌ಗಳ ಆ ನಂಬರುಗಳನ್ನು ನಾನು ಹೇಗೆ ಕೂಡಿಸಿದೆ ಅನ್ನೋದು ಇಲ್ಲಿ ಬೇಡ, ಎದುರು ಸಿಕ್ಕಾಗ ಚಹಾ ಕೊಡಿಸಿ ಹೇಳ್ತೀನಿ.

ಪರೀಕ್ಷೆಗೆ ಕಫ ತಗೊಳ್ಳೋದು ಬೇರೆಯೇ ಕಥೆ. ರಾತ್ರಿ ಡಬ್ಬಿ ಹಂಚಿ ಬೆಳಿಗ್ಗೆ ಹತ್ತಕ್ಕೆ ಹೋದರೆ ಶೆಡ್ಡೇ ಖಾಲಿ, ಡಬ್ಬಿಯಲ್ಲಿ ಗುಟ್ಕಾದ ಕೆಂಪು ಎಂಜಲು. ಮೊದಲ ಸಲ ಲ್ಯಾಬಿನವರು ಅರ್ಧಕ್ಕರ್ಧ ವಾಪಸ್ ಕಳಿಸಿ ಚೆನ್ನಾಗಿ ಉಗಿದರು. ಬಿಸಿನೀರಿನ ಹಬೆ ಕೊಟ್ಟು ನೋಡಿದೆ, ಶೆಡ್ಡಿನಲ್ಲಿ ಅದೆಲ್ಲ ಆಗದ ಮಾತು. ಕೊನೆಗೆ ಐದೂವರೆಗೇ ಹೋಗಿ ನಿಂತೆ. ಬಾಯಿ ಮುಕ್ಕಳಿಸಿ, ಶೆಡ್ ಹಿಂದಿನ ಬಯಲಲ್ಲಿ ಮೂರು ಸಲ ಎದೆ ತುಂಬ ಉಸಿರೆಳೆದು, ನಾಲ್ಕನೆಯದಕ್ಕೆ ಕೆಮ್ಮು. ನಾನೇ ಮುಂದೆ ನಿಂತು ಕೆಮ್ಮಿ ತೋರಿಸೋದು, ಅವರಿಗೆಲ್ಲ ನಗು. ಆದರೆ ಕಫ ಬರುತ್ತೆ, ಟ್ರೂನ್ಯಾಟ್‌ಗೆ (ಕಫದಲ್ಲಿ ಟಿಬಿ ಪತ್ತೆ ಮಾಡೋ ಪರೀಕ್ಷೆ) ಹೋದದ್ದು ವಾಪಸ್ ಬಂದದ್ದು ಆಮೇಲೆ ಬಹಳ ಕಡಿಮೆ.

ಇನ್ನೊಂದು, "ಮಾತ್ರೆ ತಗೊಂಡ್ಯಾ?" ಅಂತ ಕೇಳೋದು ಬಿಟ್ಟಿದ್ದೇನೆ. ಎಲ್ಲರೂ ಹೂಂ ಅಂತಾರೆ. "ಉಚ್ಚೆ ಯಾವ ಬಣ್ಣ?" ಅಂತೀನಿ. ಕಿತ್ತಳೆ ಅಂದರೆ ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್ ಹೊಟ್ಟೆಗೆ ಹೋಗಿದೆ. ಒಬ್ಬ ಪುಣ್ಯಾತ್ಮ ಇದನ್ನೂ ಕಲಿತು ದಿನಾ ಕಿತ್ತಳೆ ಕಿತ್ತಳೆ ಅಂತಿದ್ದ, ಎರಡು ಕೇಜಿ ಇಳಿದ ಮೇಲೆ ಸಿಕ್ಕಿಬಿದ್ದ. ಈಗ ತೂಕದ ಯಂತ್ರ ಬೈಕಲ್ಲೇ ಇರುತ್ತೆ.

ದುಡ್ಡಿನ ವಿಷಯ. ಟಿಬಿ ರೋಗಿಗೆ ಸರ್ಕಾರ ಕೊಡೋ ಪೋಷಣೆ ಹಣ 2018ರಲ್ಲಿ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000. ಬಂದರೆ ಒಳ್ಳೇ ದುಡ್ಡೇ. ಆದರೆ ಆಧಾರ್‌ಗೆ ಜೋಡಿಸಿದ ಖಾತೆ ಊರಲ್ಲಿ ಯಾವತ್ತೋ ಬಂದ್ ಆಗಿರುತ್ತೆ. ಐದಾರು ಜನರನ್ನು ನಾನೇ ಬೈಕಲ್ಲಿ ಕೂರಿಸಿಕೊಂಡು ಅಂಚೆ ಕಚೇರಿಗೆ ಹೋಗಿ ಹೊಸ ಖಾತೆ ಮಾಡಿಸಿದೆ. ಒಂದು ದಿನದ ಕೂಲಿ 700 ರೂಪಾಯಿ ಹೋಯ್ತು ಅಂತ ಒಬ್ಬ ನನ್ನ ಮೇಲೇ ರೇಗಿದ. ಪೆಟ್ರೋಲು ಸೇರಿ ವಾರಕ್ಕೆ ಮುನ್ನೂರು ನಾನ್ನೂರು ನನ್ನ ಜೇಬಿನದ್ದು. ಮನೆಯಲ್ಲಿ ಇದರ ಲೆಕ್ಕ ಕೇಳಬೇಡಿ.

ಕೋರ್ಸ್ ಮುಗಿದರೆ ಸಪೋರ್ಟರ್‌ಗೂ 1000 ಬರಬೇಕು. ಅಕ್ಕನಿಗೆ ಇನ್ನೂ ಎರಡು ಕೇಸಿನದ್ದು ಬಂದಿಲ್ಲ. ಮೊನ್ನೆ ಪುಸ್ತಕ ತಿರುವಿ ಹಾಕಿದರೆ ಕೊನೇ ಪುಟದಲ್ಲಿ "ಟೀಬಿ ಸರ, 2000 ಬಾಕಿ" ಅಂತ ಬರೆದಿಟ್ಟಿದ್ದಾಳೆ. ಚಹಾದ್ದು ಬೇರೆ.