ಸಂರಕ್ಷಣಾ ಮೀಸಲಿಗೆ ಮೊದಲು ಯಾವ ಜಾಗ?

ವನ್ಯಜೀವಿ ಸಂರಕ್ಷಣಾ ಮೀಸಲಿಗೆ ಜಾಗ ಸೂಚಿಸುವವರು ಮೊದಲು ಭೂದಾಖಲೆಯನ್ನು ಪರಿಶೀಲಿಸಬೇಕು. ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಡಿ ಸರ್ಕಾರದ ಒಡೆತನದ ಜಮೀನನ್ನು ಮಾತ್ರ ಹೀಗೆ ಘೋಷಿಸಬಹುದು. ಖಾಸಗಿ ಭೂಮಿಗೆ ಸಮುದಾಯ ಮೀಸಲೆಂಬ ಬೇರೆ ದಾರಿಯಿದೆ.

ಆ ಜಾಗ ಹೋದರೆ ಅಲ್ಲಿನ ಜೀವಿ ಬೇರೆಲ್ಲಿ ಉಳಿದೀತು ಎಂಬುದು ಮುಂದಿನ ಪ್ರಶ್ನೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ, ಅಂದರೆ ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗುಗಳಲ್ಲಿ, ಮರದ ಬೇರುಗಳು ಮಡಚಿದ ಮಂಡಿಯಂತೆ ಬಾಗಿ ಕೆಸರಿನಿಂದ ಮೇಲೆದ್ದಿರುತ್ತವೆ; ಇಂಥ ಜೌಗು ಒಮ್ಮೆ ಬತ್ತಿದರೆ ಯಾವ ನೆಡುತೋಪೂ ಅದನ್ನು ಮರಳಿ ತರಲಾರದು. ಸುತ್ತಲಿನ ಕಾಡಿನಲ್ಲಿರುವ ಸಿಂಗಳೀಕ ಬಹುಮಟ್ಟಿಗೆ ಮರದ ಮೇಲೆಯೇ ಬಾಳುವ ಪ್ರಾಣಿಯಾದ್ದರಿಂದ ಅದಕ್ಕೆ ಕೊಂಬೆಗೆ ಕೊಂಬೆ ಕೂಡಿದ ಕಾಡು ಬೇಕು. ಹಾಗಾಗಿ ನಕ್ಷೆಯಲ್ಲಿ ವಿಸ್ತೀರ್ಣಕ್ಕಿಂತ ಕಾಡಿನ ಸಂಪರ್ಕಕ್ಕೇ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು 2011ರಲ್ಲಿ.

ದಟ್ಟ ಕಾಡಷ್ಟೇ ಅರ್ಹವೆಂದು ತಿಳಿಯಬಾರದು. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಮೀಸಲು ಕೃಷ್ಣಮೃಗಗಳ ಹುಲ್ಲುಗಾವಲು. ಇಂಥ ಬಯಲನ್ನು ಬಂಜರೆಂದು ಬಗೆದು ಒತ್ತಾಗಿ ಸಸಿ ನೆಟ್ಟರೆ ಆವಾಸವೇ ಕೆಡುತ್ತದೆ.

ಸ್ಥಳೀಯರೊಂದಿಗೆ ಸಮಾಲೋಚಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ದರಕು (ಒಣ ತರಗೆಲೆ) ಗುಡಿಸುವವರನ್ನು, ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಕೊಯ್ಯುವವರನ್ನು ಗಡಿ ಗುರುತಿಸುವ ಮೊದಲೇ ಕಂಡು, ಅವರು ಬಳಸುವ ಹಾದಿ ಮತ್ತು ಹಳ್ಳಗಳನ್ನು ಕರಡು ನಕ್ಷೆಯಲ್ಲಿ ದಾಖಲಿಸಿರಿ.