ಗಲಾಪಗೋಸ್ ಹಡಗಿನಲ್ಲಿ ಎಲ್ಲಿ ಇಳಿಯಬೇಕು, ಯಾವಾಗ ಡೆಕ್‌ನಲ್ಲೇ ಉಳಿಯಬೇಕು

ಸಂಜೆ ಏಳು ಗಂಟೆ. ಹಡಗಿನ ಲೌಂಜ್‌ನಲ್ಲಿ ಗೈಡ್ ಬಿಳಿ ಹಲಗೆಯ ಮೇಲೆ ನಾಳೆಯ ಕಾರ್ಯಕ್ರಮ ಬರೆಯುತ್ತಿರುತ್ತಾರೆ. ಅರ್ಧ ಜನ ಫೋನಿನಲ್ಲಿ ಇವತ್ತಿನ ಫೋಟೊ ನೋಡುತ್ತಿರುತ್ತಾರೆ. ಉಳಿದವರ ಗಮನವೆಲ್ಲ ಅಡುಗೆಮನೆಯ ವಾಸನೆಯ ಕಡೆಗೆ. ಮಾರನೇ ಬೆಳಿಗ್ಗೆ ದೋಣಿ ದಡದಿಂದ ಹತ್ತು ಅಡಿ ದೂರದಲ್ಲೇ ನಿಂತಾಗ ಕೂಗು ಏಳುತ್ತದೆ: "ಅಯ್ಯೋ, ನೀರಿಗೇ ಇಳೀಬೇಕಾ? ಶೂ ಹಾಕ್ಕೊಂಡು ಬಂದಿದ್ದೀನಲ್ಲ!"

ಎರಡು ಸಲ ಹೋಗಿ ಬಂದಿದ್ದೇನೆ. ಎರಡೂ ಸಲ ಇದೇ ಕೂಗು ಕೇಳಿದ್ದೇನೆ. ಮೊದಲ ಸಲ ಕೂಗಿದವಳು ನಾನೇ.

ಗಲಾಪಗೋಸ್ ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ದ್ವೀಪಗಳು. ತೀರದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ಸಮಭಾಜಕ ರೇಖೆಯ ಮೇಲೆ. ಅಲ್ಲಿ ನೂರಕ್ಕಿಂತ ಜಾಸ್ತಿ ಪ್ರವಾಸಿಗರನ್ನು ಹೊತ್ತ ಹಡಗು ಓಡಾಡುವಂತಿಲ್ಲ. ಎಷ್ಟೋ ಹಡಗುಗಳಲ್ಲಿ ಇರುವುದು ಬರೀ ಹದಿನಾರು ಜನ. ದಡದ ಸುತ್ತಾಟಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಟಿಕೆಟ್‌ನಲ್ಲೇ ಸೇರಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಪುಕ್ಕಟೆ ಅಂದಮೇಲೆ ಬಿಡುವುದುಂಟೇ? ಮದುವೆ ಊಟದಲ್ಲಿ ಬಡಿಸಿದ್ದನ್ನೆಲ್ಲ ತಿಂದವರ ಹಾಗೆ ಮೂರನೇ ದಿನ ಮಧ್ಯಾಹ್ನಕ್ಕೆ ಎಲ್ಲರೂ ಮಲಗಿರುತ್ತಾರೆ. ಅವತ್ತೇ ಒಳ್ಳೆಯ ಜಾಗ ಬಂದಿರುತ್ತದೆ.

ಹಂತ 1: ಹಡಗಿನ ಬಣ್ಣ ನೋಡಬೇಡಿ, ದಾರಿ ನೋಡಿ

ಇಲ್ಲಿ ಯಾವ ಹಡಗು ಯಾವ ದಿನ ಯಾವ ಜಾಗಕ್ಕೆ ಹೋಗಬೇಕು ಎಂಬುದಕ್ಕೆ ಈ ದ್ವೀಪಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನದವರ ಒಪ್ಪಿಗೆ ಬೇಕು. 2012ರಿಂದ ಇನ್ನೊಂದು ನಿಯಮವೂ ಇದೆ. ಒಂದು ಜಾಗಕ್ಕೆ ಹೋದ ಹಡಗು ಹದಿನಾಲ್ಕು ದಿನದೊಳಗೆ ಮತ್ತೆ ಅಲ್ಲಿಗೆ ಹೋಗುವ ಹಾಗಿಲ್ಲ. ಆದ್ದರಿಂದ ಒಂದು ವಾರದ ಪ್ರವಾಸದಲ್ಲಿ ಎಲ್ಲವೂ ಸಿಗುವುದಿಲ್ಲ. ಹತ್ತಿದ ಮೇಲೆ ಕ್ಯಾಪ್ಟನ್ ಹತ್ತಿರ ಹೋಗಿ "ಸ್ವಲ್ಪ ಆ ಕಡೆ ತಿರುಗಿಸಿ" ಎಂದರೆ ನಡೆಯುವುದಿಲ್ಲ. ಮುಖ್ಯ ಆಯ್ಕೆ ಮನೆಯಲ್ಲಿ ಕೂತಾಗಲೇ ಮುಗಿದಿರುತ್ತದೆ.

ಪಶ್ಚಿಮದ ದಾರಿಯಲ್ಲಿ ಫೆರ್ನಾಂಡಿನಾ ಮತ್ತು ಇಸಬೆಲಾ ಬರುತ್ತವೆ. ಕರಿ ಲಾವಾ ಬಂಡೆಯ ಮೇಲೆ ಒಂದರ ಮೇಲೊಂದು ಬಿದ್ದುಕೊಂಡ ಕಡಲ ಇಗ್ವಾನಾಗಳು, ಹಾರುವುದನ್ನೇ ಮರೆತ ಕಾರ್ಮೊರಂಟ್ ಹಕ್ಕಿ, ಪೆಂಗ್ವಿನ್. ಆ ಕಾರ್ಮೊರಂಟ್ ಈ ಎರಡು ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ದಕ್ಷಿಣದ ದಾರಿಯಲ್ಲಿ ಎಸ್ಪಾನ್ಯೊಲಾ, ಫ್ಲೋರಿಯಾನಾ. ಉತ್ತರಕ್ಕೆ ಹೆನೊವೇಸಾ. ಅಲ್ಲಿ ಕೆಂಪು ಕಾಲಿನ ಬೂಬಿ ಎಂಬ ಕಡಲ ಹಕ್ಕಿಗಳು ಮರದ ಮೇಲೆ ಕೂತಿರುತ್ತವೆ. ಆದರೆ ಅಲ್ಲಿಗೆ ತಲುಪಲು ಇಡೀ ರಾತ್ರಿ ತೆರೆದ ಕಡಲಿನಲ್ಲಿ ಕುಲುಕಾಡಬೇಕು. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗಲೇ ನಿಂಬೆಹಣ್ಣು ಮೂಸುವವರು ಯೋಚಿಸಿ.

ಯಾವ ತಿಂಗಳು ಎಂಬುದನ್ನೂ ನೋಡಿ. ಎಸ್ಪಾನ್ಯೊಲಾದ ಆಲ್ಬಟ್ರಾಸ್ ಹಕ್ಕಿ ನೋಡಬೇಕೆಂದು ಮೊದಲ ಸಲ ಫೆಬ್ರುವರಿಯಲ್ಲಿ ಹೋದೆವು. "ಖಂಡಿತ ಕಾಣುತ್ತೆ ಮೇಡಂ" ಎಂದಿದ್ದರು ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು. ಹಕ್ಕಿಗಳು ದ್ವೀಪದಲ್ಲಿ ಇರುವುದು ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಉಳಿದ ತಿಂಗಳು ಅವು ಕಡಲಿನ ಮೇಲೆ. ಖಾಲಿ ಬಂಡೆಗಳ ಫೋಟೊ ತೆಗೆದುಕೊಂಡು ಬಂದೆವು.

ಹಂತ 2: ಚಿಕ್ಕದೋ, ಅದಕ್ಕಿಂತ ಸ್ವಲ್ಪ ದೊಡ್ಡದೋ

ಚಿಕ್ಕ ಹಡಗಿನಲ್ಲಿ ಆಯ್ಕೆ ಜಾಸ್ತಿ ಎಂದು ಎಲ್ಲರೂ ನಂಬಿರುತ್ತಾರೆ. ತಪ್ಪು. ಹದಿನಾರು ಜನಕ್ಕೆ ಒಬ್ಬ ಗೈಡ್ ಇರುವ ಕಡೆ ಇರುವುದು ಎರಡೇ ಆಯ್ಕೆ: ಬನ್ನಿ, ಇಲ್ಲವಾದರೆ ಇರಿ. ಗೈಡ್ ಇಲ್ಲದೆ ಉದ್ಯಾನದ ದಡದಲ್ಲಿ ಕಾಲಿಡುವಂತಿಲ್ಲ. ಹಾಗಾಗಿ ಅರ್ಧ ಜನ ಬೆಟ್ಟಕ್ಕೆ, ಅರ್ಧ ಜನ ಬೀಚಿಗೆ ಎನ್ನುವ ಮಾತೇ ಇಲ್ಲ. ನಲವತ್ತರಿಂದ ನೂರು ಜನರ ಹಡಗಿನಲ್ಲಿ ಕಡಿಮೆಯೆಂದರೂ ಮೂವರು ಗೈಡ್ ಇರುತ್ತಾರೆ. ಒಂದು ಗುಂಪು ಉದ್ದದ ನಡಿಗೆಗೆ, ಇನ್ನೊಂದು ಚಿಕ್ಕದಕ್ಕೆ, ಮತ್ತೊಂದು ಗಾಜಿನ ತಳದ ದೋಣಿಯಲ್ಲಿ. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರೆ ಕಣ್ಣು ಮುಚ್ಚಿ ದೊಡ್ಡದನ್ನೇ ಹಿಡಿಯಿರಿ. ಎರಡನೇ ಸಲ ಅಮ್ಮ, ಅಕ್ಕ, ಅಕ್ಕನ ಮಗ ಬಂದಿದ್ದರು. ಅಂಥ ಹಡಗು ಸಿಕ್ಕಿದ್ದರಿಂದಲೇ ಎಲ್ಲರೂ ಮಾತಾಡಿಕೊಂಡು ವಾಪಸ್ ಬಂದೆವು.

ಹಂತ 3: ದುಡ್ಡು, ಚೀಲ

ಉದ್ಯಾನದ ಶುಲ್ಕ 2024ರ ಆಗಸ್ಟ್‌ನಿಂದ ವಿದೇಶಿಯರಿಗೆ 200 ಡಾಲರ್, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 100. ನಗದು ಇಟ್ಟುಕೊಂಡಿರಿ. ಎಕ್ವಡಾರ್‌ನಲ್ಲಿ ನಡೆಯುವುದೇ ಅಮೆರಿಕದ ಡಾಲರ್. ಹಣ್ಣು, ಬೀಜ, ಗಿಡ ಒಯ್ಯಬೇಡಿ. ಕೀಟೊ ವಿಮಾನ ನಿಲ್ದಾಣದಲ್ಲೇ ಚೀಲ ತಪಾಸಣೆ ಮಾಡುತ್ತಾರೆ. ಅಮ್ಮನ ಮೆಂತ್ಯದ ಪೊಟ್ಟಣ ಅಲ್ಲೇ ಉಳಿಯಿತು. ಸಸ್ಯಾಹಾರ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಹತ್ತಿದ ಮೇಲೆ ಹೇಳಿದರೆ ಏಳು ದಿನವೂ ಬೇಯಿಸಿದ ಕ್ಯಾರೆಟ್.

ಹಂತ 4: ಸಂಜೆಯ ಹಲಗೆ ಓದುವುದು

ಎಲ್ಲರೂ ಎಡವುವುದು ಇಲ್ಲೇ. ಹಲಗೆಯ ಮೇಲೆ ಜಾಗದ ಹೆಸರಿಗಿಂತ ಮುಖ್ಯವಾದ ಕೆಲವು ಮಾತುಗಳಿರುತ್ತವೆ.

ಮೊದಲನೆಯದು ಲ್ಯಾಂಡಿಂಗ್. ಹಡಗಿನಿಂದ ದಡಕ್ಕೆ ಕರೆದೊಯ್ಯುವ ರಬ್ಬರ್ ದೋಣಿಗೆ ಅಲ್ಲಿ 'ಪಂಗಾ' ಎನ್ನುತ್ತಾರೆ. 'ವೆಟ್ ಲ್ಯಾಂಡಿಂಗ್' ಎಂದು ಬರೆದಿದ್ದರೆ ಮೊಣಕಾಲುದ್ದ ನೀರಿಗೆ ಇಳಿದು ನಡೆಯಬೇಕು. ಶೂ ಕೈಯಲ್ಲಿ, ಕಾಲಿಗೆ ಪಟ್ಟಿ ಇರುವ ಚಪ್ಪಲಿ. ಸಲ್ವಾರ್ ಆದರೆ ಬೇಗ ಒಣಗುವ ಬಟ್ಟೆಯದು ಇರಲಿ. ಹತ್ತಿಯದು ನೆನೆದರೆ ಕಾಲಿಗೆ ಕಲ್ಲು ಕಟ್ಟಿಕೊಂಡ ಹಾಗೆ. 'ಡ್ರೈ ಲ್ಯಾಂಡಿಂಗ್' ಎಂಬ ಹೆಸರು ಕೇಳಿ ಸಮಾಧಾನಪಡಬೇಡಿ. ಅದು ಅಲೆಗೆ ಏರಿಳಿಯುವ ದೋಣಿಯಿಂದ ಪಾಚಿ ಹಿಡಿದ ಬಂಡೆಗೆ ಹಾಕುವ ಹೆಜ್ಜೆ. ಮಂಡಿ ನೋವಿನವರಿಗೆ ವೆಟ್ ಲ್ಯಾಂಡಿಂಗೇ ಸುಲಭ. ಹತ್ತುವಾಗ ಇಳಿಯುವಾಗ ನಾವಿಕರ ಬೆರಳು ಹಿಡಿಯಬೇಡಿ. ಅವರ ಮುಂಗೈ ನೀವು ಹಿಡಿಯಿರಿ, ನಿಮ್ಮ ಮುಂಗೈ ಅವರು ಹಿಡಿಯಲಿ. ಆಗ ಜಾರುವುದಿಲ್ಲ.

ಎರಡನೆಯದು ನೆಲ. ಎಷ್ಟು ಕಿಲೋಮೀಟರ್ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ನೆಲ ಎಂಥದ್ದು ಎಂದು. ಬಾರ್ತಲೊಮೆ ದ್ವೀಪದಲ್ಲಿ ಸುಮಾರು 370 ಮರದ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅದೇನು ಮಹಾ? ಆದರೆ ಒಂದು ಹಿಡಿ ನೆರಳಿಲ್ಲ. ಟೋಪಿ, ನೀರು, ಬೆಳಗಿನ ಗುಂಪು. ಇಷ್ಟಿದ್ದರೆ ಅಮ್ಮನೂ ಹತ್ತಿದರು. ಎಸ್ಪಾನ್ಯೊಲಾದ ಪುಂತಾ ಸುವಾರೆಸ್ ಮಾತ್ರ ಎತ್ತರವೇ ಇಲ್ಲದಿದ್ದರೂ ಕಾಲು ಮುರಿಯುವ ದಾರಿ. ಇಡೀ ನಡಿಗೆ ಉಂಡುಂಡೆ ಬಂಡೆಗಳ ಮೇಲೆ. ಅಮ್ಮನನ್ನು ಅಲ್ಲಿ ಪೂರ್ತಿ ಸುತ್ತಿಗೆ ಕರೆದುಕೊಂಡು ಹೋಗಲಿಲ್ಲ. ದಡದ ಹತ್ತಿರವೇ ನೀಲಿ ಕಾಲಿನ ಬೂಬಿ ಸಿಕ್ಕಿತು. ಗಂಡು ಒಂದೊಂದೇ ಕಾಲೆತ್ತಿ ಹೆಣ್ಣಿಗೆ ತೋರಿಸುತ್ತಿತ್ತು. "ಹೊಸ ಚಪ್ಪಲಿ ತೋರಿಸ್ತಿದಾನೆ ನೋಡು" ಎಂದರು ಅಮ್ಮ. ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕೆಂಬುದು ನಿಯಮ. ಬೂಬಿಗೆ ಆ ನಿಯಮ ಗೊತ್ತಿಲ್ಲ, ಅದೇ ಹತ್ತಿರ ಬರುತ್ತದೆ. ಹಿಂದೆ ಸರಿಯಬೇಕಾದವರು ನಾವು.

ಮೂರನೆಯದು ನೀರು. ಇದಕ್ಕೆ ಪೂರ್ತಿ ಕಿವಿ ಕೊಡಿ.

'ಸ್ನಾರ್ಕೆಲಿಂಗ್' ಎಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ಮುಖ ನೀರಿನಲ್ಲಿಟ್ಟು ತೇಲುವುದು. ಆ ಒಂದೇ ಪದದ ಕೆಳಗೆ ಎರಡು ಬೇರೆ ಕೆಲಸಗಳಿವೆ. ಒಂದು ಬೀಚಿನಿಂದ: ಮರಳಿನ ಮೇಲೆ ನಡೆಯುತ್ತ ಇಳಿಯುತ್ತೀರಿ, ಬೇಡವೆನಿಸಿದರೆ ಎದ್ದು ನಿಲ್ಲುತ್ತೀರಿ. ಇನ್ನೊಂದು ಪಂಗಾದಿಂದ: ಕೆಳಗೆ ಕಾಲು ತಾಗುವುದಿಲ್ಲ, ಅಂಚಿನಿಂದ ಜಾರಿ ಇಳಿಯಬೇಕು, ನೀರಿನ ಸೆಳೆತವೂ ಇರಬಹುದು. ಫ್ಲೋರಿಯಾನಾ ಹತ್ತಿರದ 'ಡೆವಿಲ್ಸ್ ಕ್ರೌನ್' ಇಂಥ ಜಾಗ. ಸವೆದುಹೋದ ಜ್ವಾಲಾಮುಖಿಯ ಬಾಯಿ ಅದು. ನೋಡಲು ಅದ್ಭುತ, ಸೆಳೆತ ಜೋರು. ನಮ್ಮ ಜೊತೆಗಿದ್ದ ಒಬ್ಬರು ಕ್ಲಬ್ಬಿನ ಈಜುಕೊಳದಲ್ಲಿ ದಿನಾ ಇಪ್ಪತ್ತು ಸುತ್ತು ಹೊಡೆಯುವವರು. ಮಾಸ್ಕ್ ಹಾಕಿ ಅಭ್ಯಾಸವಿರಲಿಲ್ಲ. ನೇರ ಇಲ್ಲೇ ಇಳಿದರು. ಐದು ನಿಮಿಷದಲ್ಲಿ ತೇಲುವ ರಬ್ಬರ್ ಬಳೆ ಹಿಡಿದು ಪಂಗಾಕ್ಕೆ ವಾಪಸ್. ಆಮೇಲೆ ನಾಲ್ಕು ದಿನ ಕಾಲನ್ನೂ ಒದ್ದೆ ಮಾಡಿಕೊಳ್ಳಲಿಲ್ಲ. ಈಜು ಬರುತ್ತಿತ್ತು. ತಪ್ಪಿದ್ದು ಕ್ರಮ.

ಕ್ರಮ ಹೀಗೆ. ಮೊದಲ ದಿನ ಬೀಚಿನಿಂದಲೇ ಇಳಿಯಿರಿ, ನೀವು ಎಂಥ ಈಜುಗಾರರೇ ಆಗಿರಿ. ಅದಕ್ಕೂ ಮೊದಲು ಹಡಗಿನಲ್ಲೇ ಮಾಸ್ಕ್ ಪರೀಕ್ಷೆ ಮಾಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮದು, ಹೆಸರು ಬರೆಸಿಕೊಳ್ಳಿ. ಬಿದ್ದರೆ ಬೇರೆ ಕೇಳಿ. ನಾಚಿಕೆ ಬೇಡ. ಮೀಸೆ ಇರುವ ಗಂಡಸರಿಗೆ ಎಷ್ಟು ಬಿಗಿದರೂ ನೀರು ಒಸರುತ್ತದೆ. ಮೂಗಿನ ಕೆಳಗೆ ಒಂದು ಎಳೆಯಷ್ಟು ಟ್ರಿಮ್ ಮಾಡಿದರೆ ಸಾಕು, ಮೀಸೆಯ ಮರ್ಯಾದೆಗೆ ಧಕ್ಕೆ ಇಲ್ಲ. ನಮ್ಮ ಭಾವನಿಗೆ ಹೇಳಿಕಳಿಸಿದ್ದೆ, ಕೇಳಲಿಲ್ಲ, ಬರಲೂ ಇಲ್ಲ, ಬಿಡಿ. ಇಳಿದ ಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು, ಮುಖ ಮಾತ್ರ ಮುಳುಗಿಸಿ ಐವತ್ತು ಉಸಿರು ಎಣಿಸಿ. ಬಾಯಲ್ಲಿ ಉಸಿರಾಡುವುದು ಒಗ್ಗಿದ ಮೇಲೆ ಕಾಲೆತ್ತಿ. ಈಜುವ ಅವಸರ ಬೇಡ, ಸುಮ್ನೆ ತೇಲಿ. ಮೀನು ತಾನಾಗೇ ಬರುತ್ತದೆ, ಕಡಲಸಿಂಹದ ಮರಿಗಳಂತೂ ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ. ಇದು ಎರಡು ಸಲ ಚೆನ್ನಾಗಿ ಆದ ಮೇಲಷ್ಟೇ ಪಂಗಾದಿಂದ ಇಳಿಯುವ ಯೋಚನೆ.

ಮುಖ ಪೂರ್ತಿ ಮುಚ್ಚುವ ಮಾಸ್ಕ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ತರಬೇಡಿ. ಒಳಗೆ ನೀರು ಬಂದರೆ ಥಟ್ಟನೆ ಕಿತ್ತು ತೆಗೆಯಲು ಬರುವುದಿಲ್ಲ. ನನ್ನ ಮಟ್ಟಿಗೆ ಅದು ಆಟಿಕೆ. ಬದಲು ಆ ದುಡ್ಡಿಗೆ ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ದಪ್ಪ ಉಡುಗೆ, ಬಾಡಿಗೆಗೆ ತಗೊಳ್ಳಿ. ಸಮಭಾಜಕ ರೇಖೆ ಅಂದರೆ ನೀರು ಬೆಚ್ಚಗಿರುತ್ತದೆ ಎಂದುಕೊಂಡಿರಾ? ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹದ ತಂಪು ಜೂನ್‌ನಿಂದ ನವೆಂಬರ್‌ವರೆಗೆ ಜಾಸ್ತಿ. ನೀರು 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಡಿಸೆಂಬರ್‌ನಿಂದ ಮೇವರೆಗೆ ಪರವಾಗಿಲ್ಲ. ಸನ್‌ಸ್ಕ್ರೀನ್ ಬಳಿದುಕೊಂಡು ಕಡಲಿಗೆ ಇಳಿಯುವುದಕ್ಕಿಂತ ತುಂಬುತೋಳಿನ ಈಜುಡುಗೆ ಎಷ್ಟೋ ವಾಸಿ.

ಹಂತ 5: ಯಾವುದನ್ನು ಬಿಡಬೇಕು

ದಿನಕ್ಕೆ ನಾಲ್ಕು ಕಾರ್ಯಕ್ರಮ ಇರುತ್ತವೆ. ನಾನು ಮೂರೇ ಮಾಡುತ್ತೇನೆ. ಮಧ್ಯಾಹ್ನ ಊಟವಾದ ತಕ್ಷಣದ್ದನ್ನು ಬಿಡುತ್ತೇನೆ. ಬೆಳಗಿನ ಮೊದಲ ಗುಂಪನ್ನು ಎಂದೂ ಬಿಡುವುದಿಲ್ಲ. ಜಾಗಗಳು ತೆರೆಯುವುದು ಬೆಳಿಗ್ಗೆ ಆರಕ್ಕೆ, ಮುಚ್ಚುವುದು ಸಂಜೆ ಆರಕ್ಕೆ. ಪ್ರಾಣಿಗಳು ಹೆಚ್ಚಾಗಿ ಓಡಾಡುವುದೂ ಈ ಎರಡು ತುದಿಯಲ್ಲೇ.

ಪಂಗಾ ಸವಾರಿ ಎಂದರೆ ವಯಸ್ಸಾದವರಿಗೆ ಎಂದು ಮೂಗು ಮುರಿಯುವವರನ್ನು ನೋಡಿದ್ದೇನೆ. ನಡೆಯಲು ನೆಲವೇ ಇಲ್ಲದ ಕಡೆ ಅದೊಂದೇ ದಾರಿ. ಫ್ಲೋರಿಯಾನಾದ 'ಪೋಸ್ಟ್ ಆಫೀಸ್ ಬೇ'ಯನ್ನೂ ಗಿಮಿಕ್ ಎಂದು ಬಿಡುತ್ತಾರೆ. ತಿಮಿಂಗಿಲ ಬೇಟೆಗಾರರ ಕಾಲದ ಪದ್ಧತಿ ಅಲ್ಲಿ ಇನ್ನೂ ನಡೆಯುತ್ತಿದೆ. ಒಂದು ಮರದ ಪೀಪಾಯಿ, ಅದರೊಳಗೆ ಸ್ಟಾಂಪಿಲ್ಲದ ಕಾರ್ಡುಗಳು. ನಿಮ್ಮೂರ ಹತ್ತಿರದ ವಿಳಾಸ ಸಿಕ್ಕರೆ ಒಯ್ದು ಕೈಗೇ ಕೊಡಬೇಕು. ಅಕ್ಕನ ಮಗನಿಗೆ ಮೈಸೂರಿನ ಕಾರ್ಡೊಂದು ಸಿಕ್ಕಿತು. ಸರಸ್ವತಿಪುರಂನಲ್ಲಿ ಬಾಗಿಲು ತೆರೆದ ಅಜ್ಜಿ ಕೊರಿಯರ್ ಹುಡುಗ ಎಂದುಕೊಂಡು ಎಲ್ಲಿ ಸೈನ್ ಮಾಡಬೇಕು ಎಂದು ಕೇಳಿದರು.

ಬಿಡಬಹುದಾದದ್ದು: ಅಂಗಡಿ ಸುತ್ತುವ ಸಮಯ, ಕಾಕ್‌ಟೇಲ್ ಮಾಡುವ ಪಾಠ, ಕ್ಯಾಪ್ಟನ್ ಜೊತೆ ಫೋಟೊ. ಕಯಾಕ್ (ನಾವೇ ಹುಟ್ಟು ಹಾಕುವ ಕಿರುದೋಣಿ) ಗಾಳಿ ಇಲ್ಲದ ಬೆಳಿಗ್ಗೆ ಮಾತ್ರ.

ಹಂತ 6: ಹಡಗಿನ ಮೇಲೆ

ಗೈಡ್ ಕೊಡುವ ಮೊದಲ ರಾತ್ರಿಯ ಮಾತು ತಪ್ಪಿಸಬೇಡಿ. ಎಷ್ಟೇ ನಿದ್ದೆ ಬಂದರೂ. ಉಳಿದ ರಾತ್ರಿ ಊಟದ ಮೇಲೆ ಹಿಂಬದಿಯ ಡೆಕ್‌ಗೆ ಹೋಗಿ ಸುಮ್ನೆ ನಿಲ್ಲಿ. ಹಡಗಿನ ದೀಪಕ್ಕೆ ಮೀನು ಬರುತ್ತವೆ, ಮೀನಿಗೆ ಶಾರ್ಕ್ ಬರುತ್ತವೆ. ಇದು ಯಾವ ಹಲಗೆಯ ಮೇಲೂ ಬರೆದಿರುವುದಿಲ್ಲ. ವಾಂತಿಯ ಮಾತ್ರೆ ಹಡಗು ಹೊರಡುವ ಮೊದಲೇ ನುಂಗಿ, ಹೊಟ್ಟೆ ತೊಳಸಿದ ಮೇಲೆ ಅಲ್ಲ. ಕ್ಯಾಬಿನ್ ಕೆಳ ಡೆಕ್‌ನ ನಡುಭಾಗದಲ್ಲಿದ್ದರೆ ಕುಲುಕಾಟ ಕಡಿಮೆ. ಮೇಲಿನ ಬಾಲ್ಕನಿ ಕ್ಯಾಬಿನ್‌ಗೆ ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಕುಲುಕಬೇಡಿ.

ಹಂತ 7: ಕೊನೆಯ ಬೆಳಿಗ್ಗೆ

ಬಾಲ್ತ್ರಾ ದ್ವೀಪದ ನಿಲ್ದಾಣದಿಂದ ವಾಪಸ್ ವಿಮಾನ ಹಿಡಿಯುವ ದಿನವೂ ಬೆಳಿಗ್ಗೆ ಆರಕ್ಕೆ ಒಂದು ಸುತ್ತು ಇರುತ್ತದೆ. ಎಷ್ಟೋ ಸಲ ಅದು ಸಾಂತಾ ಕ್ರೂಸ್ ದ್ವೀಪದ ಉತ್ತರ ದಡದಲ್ಲಿರುವ ಬ್ಲ್ಯಾಕ್ ಟರ್ಟಲ್ ಕೋವ್. ಮ್ಯಾಂಗ್ರೋವ್ ನಡುವೆ ಎಂಜಿನ್ ಆಫ್ ಮಾಡಿ, ಹುಟ್ಟು ಹಾಕಿಕೊಂಡು ಹೋಗುತ್ತಾರೆ. ಕಡಲಾಮೆಗಳು ಉಸಿರಿಗೆಂದು ತಲೆ ಎತ್ತುವ ಸದ್ದೂ ಕೇಳುತ್ತದೆ. ನಮ್ಮ ಹಡಗಿನ ಅರ್ಧ ಜನ ಬರಲಿಲ್ಲ, ಪ್ಯಾಕಿಂಗ್ ಆಗಿರಲಿಲ್ಲ. ಹಿಂದಿನ ರಾತ್ರಿಯೇ ಪೆಟ್ಟಿಗೆ ಮುಗಿಸಿ ಬಾಗಿಲ ಹೊರಗಿಡಿ. ಬೆಳಗಿನ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ ಒಳಗಿರಲಿ. ಒದ್ದೆ ಈಜುಡುಗೆಗೆ ದಪ್ಪನೆಯ ಬೇರೆ ಚೀಲ ಬೇಕು. ನನ್ನದು ಸೋರಿ ಅಮ್ಮನ ರೇಷ್ಮೆ ಸೀರೆಗೆ ಉಪ್ಪಿನ ಕಲೆ ಹಿಡಿದಿದೆ. ಗಲಾಪಗೋಸ್‌ಗೆ ರೇಷ್ಮೆ ಸೀರೆ ಯಾಕೆ ತಂದೆ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.