ಗಿಡಗಳಿಗೆ ಗ್ಯಾಸ್ ಕೊಡೋಕೆ ಹೋಗಿ…

ಮೂರನೇ ದಿನ ಬೆಳಗ್ಗೆ, ಮನೆಯೊಳಗೆ ಗಿಡ ಬೆಳೆಸುವ ಟೆಂಟಿನ ಜಿಪ್ ಎಳೆದು ನೋಡಿದರೆ ಒಳಗಿಟ್ಟಿದ್ದ ಸಕ್ಕರೆ ಯೀಸ್ಟ್ ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೊರೆ ಮೇಲಕ್ಕೆ ಬಂದು ಪೈಪಿನ ಬಾಯಿ ಕಟ್ಟಿಕೊಂಡಿತ್ತು. ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದ್ದಷ್ಟೇ, ಫುಸ್ ಅಂತ ಹುಳಿ ವಾಸನೆಯ ಅಂಟು ನೀರು ನನ್ನ ಮುಖಕ್ಕೆ, ಎಲ್‌ಇಡಿ ದೀಪಕ್ಕೆ, ಟೊಮೆಟೊ ಸಸಿಗಳಿಗೆ, ಎಲ್ಲಕ್ಕೂ ಹಾರಿತು. ಎರಡು ದಿನ ಕಳೆಯುವಷ್ಟರಲ್ಲಿ ಟೆಂಟಿನ ತುಂಬಾ ಸಣ್ಣ ನೊಣ.

ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ತಯಾರಿಸುವ ನನ್ನ ಸಾಹಸ ಶುರುವಾಗಿದ್ದು ಹೀಗೆ.

ಯಾಕೆ ಬೇಕಿತ್ತು ಅಂದರೆ, ಹೊರಗಿನ ಗಾಳಿಯಲ್ಲಿ ಈ ಗ್ಯಾಸ್ ಸುಮಾರು 420 ಪಿಪಿಎಂ ಇರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ಅಷ್ಟೇ. ದೊಡ್ಡ ಹಸಿರುಮನೆಗಳಲ್ಲಿ ಅದನ್ನು 800ರಿಂದ 1,200ರವರೆಗೆ ಏರಿಸುತ್ತಾರೆ. ಬೆಳಕು ಚೆನ್ನಾಗಿದ್ದರೆ ಬೆಳವಣಿಗೆ ನಿಜವಾಗಿಯೂ ಜಾಸ್ತಿಯಾಗುತ್ತದೆ. ಸಿಲಿಂಡರ್ ಬೇಡ, ಸಕ್ಕರೆ ಯೀಸ್ಟ್ ಸಾಕು ಅಂತ ಎಲ್ಲೋ ಓದಿದ್ದೆ. ನನಗೂ ಹುಚ್ಚು ಹಿಡಿಯಿತು.

ಮಾಡಿದ್ದು ಇಷ್ಟು. ಎರಡು ಲೀಟರಿನ ಬಾಟಲಿಗೆ ಒಂದೂವರೆ ಲೀಟರ್ ಉಗುರು ಬೆಚ್ಚಗಿನ ನೀರು, 200 ಗ್ರಾಂ ಸಕ್ಕರೆ, ಕಾಲು ಚಮಚ ಒಣ ಯೀಸ್ಟ್, ಒಂದು ಚಿಟಿಕೆ ಅಡುಗೆ ಸೋಡಾ. ಸೋಡಾ ಯಾಕಂದರೆ ಹುದುಗುತ್ತಾ ಹೋದ ಹಾಗೆ ನೀರು ಹುಳಿಯಾಗುತ್ತದೆ, ಅದನ್ನು ಸೋಡಾ ತಡೆಯುತ್ತದೆ. ಮುಚ್ಚಳಕ್ಕೆ ತೂತು ಮಾಡಿ ಅಕ್ವೇರಿಯಂನ ಸಣ್ಣ ಪೈಪ್ ತೂರಿಸಿದೆ. ಮೊದಲ ಸಲ ಈ ಅಳತೆ ಮೀರಿ ಬಾಟಲಿಯನ್ನು ಕುತ್ತಿಗೆವರೆಗೂ ತುಂಬಿಸಿದ್ದೇ ತಪ್ಪು. ನೊರೆಗೆ ಜಾಗ ಬಿಡಲೇಬೇಕು. ಎರಡನೇ ಸಲ ನಡುವೆ ಇನ್ನೊಂದು ಖಾಲಿ ಬಾಟಲಿ ಇಟ್ಟೆ. ನೊರೆ ಬಂದರೆ ಅದರಲ್ಲೇ ಬೀಳಲಿ ಅಂತ. ಆಮೇಲೆ ಅದಕ್ಕೆ ಸ್ವಲ್ಪ ನೀರು ಹಾಕಿ ಪೈಪಿನ ತುದಿ ಮುಳುಗಿಸಿದೆ. ಗುಳ್ಳೆ ಎಣಿಸಲು ಸುಲಭ ಆಯಿತು. ಎರಡನೇ, ಮೂರನೇ ದಿನ ಗುಳ್ಳೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಒಂಬತ್ತನೇ ದಿನಕ್ಕೆ ಕಾದು ಕೂತರೆ ಒಂದು.

ನೀರು ತೀರಾ ಬಿಸಿ ಇದ್ದರೆ ಯೀಸ್ಟ್ ಸತ್ತೇ ಹೋಗುತ್ತದೆ. ಕೈ ಇಟ್ಟರೆ ಹಿತವಾಗಿ ಅನಿಸಬೇಕು, ಅದೇ ಅಳತೆ.

ಗುಳ್ಳೆ ಬಂತು ಸರಿ, ಟೆಂಟಿನೊಳಗೆ ಎಷ್ಟು ಏರಿತು? ಒಂದು ಅಗ್ಗದ ಮೀಟರ್ ತಂದು ಇಟ್ಟೆ. 3,000 ದಾಟಿ ತೋರಿಸಿತು! ನಾನು ಕುಣಿದಾಡಿದೆ. ನಾಲ್ಕು ದಿನ ಆದ ಮೇಲೆ, ಸ್ಪಿರಿಟ್‌ನಲ್ಲಿ ಕತ್ತರಿ ಒರೆಸುವಾಗ ಮೀಟರ್ ಮತ್ತೆ ಹಾರಿತು. ಆಗ ಅನುಮಾನ ಬಂತು. ವಿಷಯ ಏನಂದರೆ, ಅಂಥ ಎಷ್ಟೋ ಮೀಟರುಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿರುವ ಬೇರೆ ಆವಿಗಳನ್ನು ಅಳೆದು ಅಂದಾಜು ಹೇಳುತ್ತವೆ. ಯೀಸ್ಟ್ ಬಾಟಲಿ ಗ್ಯಾಸ್ ಜೊತೆ ಆಲ್ಕೋಹಾಲ್ ಆವಿಯನ್ನೂ ಬಿಡುತ್ತದಲ್ವಾ, ಮೀಟರ್ ಹಿಡಿದಿದ್ದು ಅದನ್ನು. ಇದಕ್ಕೆ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಮೀಟರೇ ಬೇಕು, ಎನ್‌ಡಿಐಆರ್ ಅಂತ ಬರೆದಿರುತ್ತದೆ. ಇಡೀ ಪ್ರಯೋಗದಲ್ಲಿ ನಾನು ಖರ್ಚು ಮಾಡಿದ್ದು ಅಂದರೆ ಅದಕ್ಕೇ. ಖರ್ಚು ಮಾಡಿದ್ದು ಒಳ್ಳೆಯದೇ ಆಯಿತು.

ಹೊಸ ಮೀಟರ್ ಕೈಗೆ ಬಂದ ಮೇಲೆ ಲೆಕ್ಕ ಹಾಕುತ್ತಾ ಕೂತೆ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೆಚ್ಚೆಂದರೆ ಸುಮಾರು 50 ಗ್ರಾಂ ಗ್ಯಾಸ್. ಮಿಕ್ಕಿದ್ದು ಬಹುಪಾಲು ಆಲ್ಕೋಹಾಲ್ ಆಗುತ್ತದೆ. ನನ್ನ 200 ಗ್ರಾಂ ಸಕ್ಕರೆಯಿಂದ ಹತ್ತು ದಿನಕ್ಕೆ 50 ಲೀಟರ್ ಆಸುಪಾಸು ಗ್ಯಾಸ್ ಸಿಗುತ್ತದೆ ಅಂದುಕೊಳ್ಳಿ. ಗಂಟೆಗೆ ಸುಮಾರು 200 ಮಿಲಿಲೀಟರ್. ಸಾಧಾರಣ ಕೋಣೆಯಲ್ಲಿ 30,000 ಲೀಟರ್ ಗಾಳಿ ಇರುತ್ತದೆ. ಒಂದು ಬಿರುಕೂ ಇಲ್ಲದ ಹಾಗೆ ಮುಚ್ಚಿದ್ದರೂ ಗಂಟೆಗೆ ಏರುವುದು 7 ಪಿಪಿಎಂ ಅಷ್ಟೇ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಅದೇ ಕೋಣೆಯಲ್ಲಿ ಸುಮ್ನೆ ಕೂತಿರುವ ನಾನು ಗಂಟೆಗೆ ಹತ್ತಿರ ಹತ್ತಿರ 20 ಲೀಟರ್ ಉಸಿರಿನಲ್ಲಿ ಬಿಡುತ್ತೇನೆ. ಬಾಟಲಿಯ ನೂರು ಪಟ್ಟು.

ಟೆಂಟಿನ ಲೆಕ್ಕ ಬೇರೆ. ನನ್ನದು 60 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 150 ಎತ್ತರ. ಅಂದರೆ 540 ಲೀಟರ್. ಅಲ್ಲಿ ಬಾಟಲಿಗೆ ಮರ್ಯಾದೆ ಇದೆ. ಎಲ್ಲ ಕಿಂಡಿ ಮುಚ್ಚಿದಾಗ ಎರಡನೇ ದಿನ 900ರ ಹತ್ತಿರ ಹೋಯಿತು, ವಾರದ ಕೊನೆಗೆ 550ಕ್ಕೆ ಇಳಿಯಿತು. ಆದರೆ ಕಿಂಡಿ ಮುಚ್ಚಿದರೆ ಬಿಸಿ ಎಲ್ಲಿಗೆ ಹೋಗಬೇಕು? ಮಧ್ಯಾಹ್ನಕ್ಕೆ ಒಳಗೆ 34 ಡಿಗ್ರಿ, ಟೆಂಟಿನ ಗೋಡೆಯ ಮೇಲೆ ನೀರ ಹನಿ, ಕುಂಡದ ಮಣ್ಣಿನ ಮೇಲೆ ಬಿಳಿ ಬೂಷ್ಟು. ಫ್ಯಾನ್ ಹಾಕಿದರೆ ಗ್ಯಾಸ್ ಹೊರಗೆ, ಹಾಕದಿದ್ದರೆ ಗಿಡ ಬೇಯುತ್ತದೆ. ಸಾಲದ್ದಕ್ಕೆ ಯೀಸ್ಟ್‌ಗೆ ಹಗಲು ರಾತ್ರಿ ಒಂದೇ. ದೀಪ ಆರಿದ ಮೇಲೆ ಗಿಡಕ್ಕೆ ಈ ಗ್ಯಾಸ್ ಬೇಡ, ಆದರೂ ಬಾಟಲಿ ರಾತ್ರಿಯಿಡೀ ಬಿಡುತ್ತಲೇ ಇರುತ್ತದೆ.

ಅಡುಗೆ ಸೋಡಾಗೆ ವಿನೆಗರ್ ಸುರಿಯುವುದನ್ನೂ ಮಾಡಿ ನೋಡಿದೆ. ನೋಡಲು ಮಜಾ. 84 ಗ್ರಾಂ ಸೋಡಾದಿಂದ 44 ಗ್ರಾಂ ಗ್ಯಾಸ್, ಸುಮಾರು 24 ಲೀಟರ್. ಅಷ್ಟಕ್ಕೆ ಒಂದು ಲೀಟರಿಗಿಂತ ಜಾಸ್ತಿ ವಿನೆಗರ್ ಬೇಕು. ಒಮ್ಮೆಗೇ ಏರಿ ಒಮ್ಮೆಗೇ ಇಳಿಯುತ್ತದೆ. ದಿನಾ ಯಾರು ಸುರಿಯುತ್ತಾ ಕೂರುತ್ತಾರೆ? ವಿನೆಗರ್ ವಾಸನೆಯಂತೂ ಬಟ್ಟೆಗೂ ಹತ್ತಿತು.

ಮೇಣದ ಬತ್ತಿಯ ಉಪಾಯವನ್ನು ಮಾತ್ರ ಮುಟ್ಟಲಿಲ್ಲ. ಗ್ಯಾಸ್ ಬಾಟಲಿಗಿಂತ ಎಷ್ಟೋ ಜಾಸ್ತಿ ಬರುತ್ತದೆ, ನಿಜ. ಆದರೆ ಬಟ್ಟೆಯ ಟೆಂಟಿನೊಳಗೆ ಬೆಂಕಿ! ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗ್ಯಾಸ್ ಮತ್ತು ಎಥಿಲೀನ್ ಎಂಬ ಇನ್ನೊಂದು ಗ್ಯಾಸ್ ಕೂಡ ಬರುತ್ತದೆ. ಎಥಿಲೀನ್ ಸ್ವಲ್ಪ ಸೋಕಿದರೂ ಟೊಮೆಟೊ ಎಲೆ ಜೋಲುತ್ತದೆ. ಡ್ರೈ ಐಸ್ ಕೂಡ ಬೇಡ. ಮೈನಸ್ 78 ಡಿಗ್ರಿಯ ವಸ್ತು ಅದು, ಮುಟ್ಟಿದರೆ ಚರ್ಮ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಆವಿಯಾಗಲು ಬಿಟ್ಟರೆ ನಮಗೇ ಉಸಿರು ಕಟ್ಟುತ್ತದೆ.

ನನ್ನ ಕಣ್ಣು ತೆರೆಸಿದ್ದು ಬಾಟಲಿ ತೆಗೆದಿಟ್ಟ ಒಂದು ದಿನ. ಕಿಂಡಿ ಮುಚ್ಚಿತ್ತು, ಫ್ಯಾನ್ ನಿಂತಿತ್ತು, ಒಳಗೆ ಸಸಿಗಳು ದಟ್ಟವಾಗಿದ್ದವು, ದೀಪ ಪೂರ್ತಿ ಉರಿಯುತ್ತಿತ್ತು. ಮಧ್ಯಾಹ್ನ ಮೀಟರ್ ನೋಡಿದರೆ 310. ಹೊರಗಿನ ಗಾಳಿಗಿಂತಲೂ ಕಡಿಮೆ! ಗಿಡಗಳು ಒಳಗಿದ್ದುದನ್ನೆಲ್ಲ ಹೀರಿ ಹಸಿದು ಕೂತಿದ್ದವು. ನಾನು ಜಿಪ್ ತೆಗೆದು ಚಿಕ್ಕ ಫ್ಯಾನ್ ಹಾಕಿದೆ. ಹತ್ತೇ ನಿಮಿಷಕ್ಕೆ 600 ದಾಟಿತು, ಯಾಕಂದರೆ ಟೆಂಟ್ ಇರುವುದು ನಾನು ದಿನವಿಡೀ ಕೂತು ಕೆಲಸ ಮಾಡುವ ಕೋಣೆಯಲ್ಲಿ. ಸಕ್ಕರೆ ಇಲ್ಲ, ಯೀಸ್ಟ್ ಇಲ್ಲ, ನೊಣ ಇಲ್ಲ.

ಗಿಡಗಳಲ್ಲಿ ಏನು ವ್ಯತ್ಯಾಸ ಕಂಡಿತು ಅಂತ ಕೇಳುತ್ತೀರಿ. ಬಾಟಲಿ ಇಟ್ಟ ಮೂರು ವಾರದಲ್ಲಿ ಕಾಂಡ ಸ್ವಲ್ಪ ದಪ್ಪವಾದ ಹಾಗೆ ಅನಿಸಿತು. ನನ್ನ ಆಸೆಯೂ ಇರಬಹುದು. ಆಮೇಲೆ ದೀಪವನ್ನು ಒಂದು ಗೇಣು ಕೆಳಗಿಳಿಸಿದೆ. ವಾರದೊಳಗೆ ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ ಗಿಡ ಪೊದೆಯಾಯಿತು. ಅದಕ್ಕೆ ಅನುಮಾನವೇ ಬೇಡ. ಯಾವುದು ಎಲ್ಲಕ್ಕಿಂತ ಕೊರತೆಯಿದೆಯೋ ಅದೇ ಬೆಳವಣಿಗೆಯ ಕೈ ಕಟ್ಟುತ್ತದೆ ಅಂತ ಬ್ಲ್ಯಾಕ್‌ಮನ್ ಎಂಬ ಸಸ್ಯವಿಜ್ಞಾನಿ 1905ರಲ್ಲೇ ಬರೆದಿದ್ದರು. ನನ್ನ ಗಿಡಕ್ಕೆ ಕೊರತೆ ಇದ್ದಿದ್ದು ಬೆಳಕು. ಕಿಟಕಿ ಪಕ್ಕದ ಮನಿ ಪ್ಲಾಂಟಿಗೂ ಅಷ್ಟೇ, ಆ ಬೆಳಕಿಗೆ ಗ್ಯಾಸ್ ಎಷ್ಟು ಕೊಟ್ಟರೂ ಅದು ತಿರುಗಿ ನೋಡಲ್ಲ.

ಬಾಟಲಿಯನ್ನು ಪೂರ್ತಿ ಬಿಟ್ಟಿಲ್ಲ. ಮುಚ್ಚಳ ಇರುವ ಹಳೆಯ ಗಾಜಿನ ಅಕ್ವೇರಿಯಂ ಒಂದಿದೆ, 60 ಲೀಟರಿನದು. ಕಡ್ಡಿ ನೆಟ್ಟು ಬೇರು ಬರಿಸುವುದು ಅದರಲ್ಲೇ. ಅಲ್ಲಿ ಅರ್ಧ ಲೀಟರಿನ ಪುಟ್ಟ ಬಾಟಲಿ, ಎರಡು ಚಮಚ ಸಕ್ಕರೆ. ಬಾಟಲಿ ಗಾಜಿನದಲ್ಲ, ಪ್ಲಾಸ್ಟಿಕ್‌ನದು, ಮುಚ್ಚಳ ಸಡಿಲ. ಪೈಪೇ ಇಲ್ಲ, ಆದ್ದರಿಂದ ಕಟ್ಟಿಕೊಳ್ಳುವ ಗೋಳೂ ಇಲ್ಲ. ಬೆಳಗ್ಗೆ ದೀಪ ಹಾಕುವಾಗ ಒಳಗಿಡುತ್ತೇನೆ, ರಾತ್ರಿ ತೆಗೆಯುತ್ತೇನೆ.

ಟೆಂಟಿನ ಮೀಟರ್ ಈಗ, ಇದನ್ನು ಬರೆಯುವಾಗ, 640 ತೋರಿಸುತ್ತಿದೆ. ನಾನು ಎದ್ದು ಎರಡು ಗಂಟೆ ಹೊರಗೆ ಹೋಗಿ ಬಂದರೆ 480ಕ್ಕೆ ಇಳಿದಿರುತ್ತದೆ.